ಅಂಚೆ ಕಚೇರಿಯಲ್ಲಿ ಕಟ್ಟುತ್ತಿದ್ದ ರೇಡಿಯೊ ಕಂದಾಯ

ನಾನು ಅಂಚೆ ಇಲಾಖೆಗೆ ಗುಮಾಸ್ತನಾಗಿ ಸೇರಿದ್ದು ಎಪ್ಪತ್ತರ ದಶಕದಲ್ಲಿ. ಮನಿಯಾರ್ಡರು, ರಿಜಿಸ್ಟರು, ಉಳಿತಾಯ ಖಾತೆಗಳ ಜೊತೆಗೆ ನನ್ನ ಕೌಂಟರಿಗೆ ಬರುತ್ತಿದ್ದ ಇನ್ನೊಂದು ವ್ಯವಹಾರ ರೇಡಿಯೊ ಲೈಸೆನ್ಸಿನದು. ಮನೆಯಲ್ಲಿ ರೇಡಿಯೊ ಇದ್ದವರು ವರ್ಷಕ್ಕೊಮ್ಮೆ ಸಣ್ಣ ಪುಸ್ತಕವೊಂದನ್ನು ಹಿಡಿದು ಬರುತ್ತಿದ್ದರು. ಅದರಲ್ಲಿ ಒಡೆಯನ ಹೆಸರು, ವಿಳಾಸ, ಸೆಟ್ಟಿನ ಕಂಪನಿ, ನಂಬರು ಎಲ್ಲ ಇರುತ್ತಿತ್ತು. ಹದಿನೈದು ರೂಪಾಯಿ ತೆಗೆದುಕೊಂಡು ಸ್ಟಾಂಪು ಅಂಟಿಸಿ ತಾರೀಖಿನ ಮೊಹರು ಒತ್ತಿದರೆ ಆ ವರ್ಷಕ್ಕೆ ಅವರ ಮರ್ಫಿಯೋ ಫಿಲಿಪ್ಸೋ ಕಾನೂನುಬದ್ಧ. ವಾಯಿದೆ ಮೀರಿದರೆ ದಂಡ. ತಪಾಸಣೆಯವರು ಬರುತ್ತಾರಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಮರುದಿನ ನಮ್ಮ ಕೌಂಟರಿನ ಮುಂದೆ ಸಾಲು ಬೆಳೆಯುತ್ತಿತ್ತು. ಟಿವಿ ಬಂದ ಮೇಲೆ ಅದಕ್ಕೂ ಇದೇ ಪದ್ಧತಿ; ಅದರ ಕಂದಾಯ ವರ್ಷಕ್ಕೆ ಐವತ್ತು ರೂಪಾಯಿ.

ಕೇಳುಗರಿಂದ ಹಣ ಪಡೆದು ರೇಡಿಯೊ ನಡೆಸುವ ಲೆಕ್ಕಾಚಾರ ನಮ್ಮಲ್ಲಿ ಶುರುವಾದದ್ದು ಖಾಸಗಿಯವರ ಕೈಯಲ್ಲಿ. 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮುಂಬಯಿಯಲ್ಲಿ ಪ್ರಸಾರ ಆರಂಭಿಸಿತು, ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ. ಲೈಸೆನ್ಸಿಗೆ ವರ್ಷಕ್ಕೆ ಹತ್ತು ರೂಪಾಯಿ, ಅದರಲ್ಲಿ ಎಂಟು ರೂಪಾಯಿ ಕಂಪನಿಯ ಪಾಲು. ಆ ಕಾಲಕ್ಕೆ ಹತ್ತು ರೂಪಾಯಿ ಸಣ್ಣ ಮೊತ್ತವಲ್ಲ. ಸೆಟ್ಟು ಇದ್ದವರೇ ವಿರಳ, ಇದ್ದವರಲ್ಲೂ ಹಲವರು ಕಂದಾಯ ಕಟ್ಟದೆ ಕೇಳುತ್ತಿದ್ದರು. ಮೂರು ವರ್ಷ ತುಂಬುವ ಮೊದಲೇ, 1930ರಲ್ಲಿ ಕಂಪನಿ ಮುಳುಗಿತು. ಏಪ್ರಿಲ್ ಒಂದರಿಂದ ಸರ್ಕಾರವೇ ಅದನ್ನು ವಹಿಸಿಕೊಂಡಿತು. ಪರವಾನಗಿ ಇಲ್ಲದೆ ರೇಡಿಯೊ ಇಟ್ಟುಕೊಳ್ಳುವುದೇ ಅಪರಾಧವೆಂಬ ಕಾಯ್ದೆ 1933ರಲ್ಲಿ ಬಂತು. ನನ್ನ ಕೌಂಟರಿನ ಪುಸ್ತಕಗಳ ಹಿಂದಿದ್ದ ಬಲ ಅದೇ.

ಮೈಸೂರಿನವರು ಬೇರೆ ದಾರಿ ಹಿಡಿದಿದ್ದರು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ, 30 ವಾಟಿನ ಪುಟ್ಟ ಪ್ರಸಾರಯಂತ್ರದಲ್ಲಿ ಆಕಾಶವಾಣಿ ಆರಂಭಿಸಿದರು. ಖರ್ಚಿಗೆ ಮೊದಲು ಅವರದೇ ಜೇಬು. ಆಮೇಲೆ ನಗರಸಭೆಯ ನೆರವು, ನಾಲ್ವತ್ತರ ದಶಕದಲ್ಲಿ ಸಂಸ್ಥಾನದ ಆಡಳಿತ, 1950ರಲ್ಲಿ ಆಲ್ ಇಂಡಿಯಾ ರೇಡಿಯೊ. ಒಬ್ಬ ಮೇಷ್ಟ್ರ ಉತ್ಸಾಹದಿಂದ ನಿಲಯ ಹುಟ್ಟಬಹುದು, ಆದರೆ ದಶಕಗಳ ಕಾಲ ಉಳಿಯಬೇಕಾದರೆ ಯಾರಾದರೂ ತಪ್ಪದೆ ಹಣ ಕೊಡುತ್ತಲೇ ಇರಬೇಕು.

ಹಾಗೆ ಕೊಡುವವನ ಮಾತು ಎಷ್ಟು ನಡೆಯುತ್ತಿತ್ತು? ಐವತ್ತರ ದಶಕದಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾಗಿದ್ದಾಗ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಹೆಚ್ಚುಕಡಿಮೆ ಅಸ್ಪೃಶ್ಯವಾಯಿತು. ಜನ ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು, ಬಿನಾಕಾ ಗೀತಮಾಲಾಕ್ಕೆ ಮನಸೋತರು. ಲೈಸೆನ್ಸ್ ಹಣವನ್ನು ಮಾತ್ರ ದೆಹಲಿಗೇ ಕಟ್ಟಿದರು. ನಾನು ಕೆಲಸಕ್ಕೆ ಸೇರಿದ ಮೇಲೂ ಹಳೆಯ ಗಿರಾಕಿಯೊಬ್ಬರು ಪುಸ್ತಕ ಮುಂದಿಡುತ್ತಾ, ಕೇಳೋದು ಕೊಲಂಬೋ, ಕಟ್ಟೋದು ನಿಮಗೆ ಎಂದು ಗೊಣಗುತ್ತಿದ್ದರು. ಕಂದಾಯ ಇರುವುದು ಸೆಟ್ಟಿಗೆ ಸ್ವಾಮಿ, ಹಾಡಿಗಲ್ಲ ಎಂಬುದು ನನ್ನ ಸಿದ್ಧ ಉತ್ತರ. ಕಾನೂನಿನ ಪ್ರಕಾರ ಅದು ಸರಿಯೇ. ಆದರೆ ಕೇಳುಗರು ಕೈತಪ್ಪುತ್ತಿದ್ದಾರೆಂದು ಆಕಾಶವಾಣಿಗೂ ಗೊತ್ತಾಗಿ 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಬಂತು. ಜನರಿಗೆ ಹಾಡು ಕೊಡಿಸಿದ್ದು ಅವರು ಕಟ್ಟಿದ ಕಂದಾಯವಲ್ಲ, ನೆರೆನಾಡಿನ ಪೈಪೋಟಿ.

ತುರ್ತುಪರಿಸ್ಥಿತಿಯ ದಿನಗಳಲ್ಲಿ ಇದು ಇನ್ನೂ ಸ್ಪಷ್ಟವಾಯಿತು. ಸರ್ಕಾರ ಹೇಳಿದ್ದೇ ಸುದ್ದಿಯಾಗಿದ್ದ ಆ ಕಾಲದಲ್ಲಿ ಜನ ಬಾಗಿಲು ಹಾಕಿಕೊಂಡು ಬಿಬಿಸಿ ಕೇಳುತ್ತಿದ್ದರು, ಕಂದಾಯವನ್ನು ಮಾತ್ರ ಎಂದಿನಂತೆ ನಮ್ಮಲ್ಲೇ ಕಟ್ಟುತ್ತಿದ್ದರು. ನಾವು ಪಡೆದ ಹಣ ಸೇರುತ್ತಿದ್ದುದು ಕೇಂದ್ರದ ಬೊಕ್ಕಸಕ್ಕೆ. ಆಕಾಶವಾಣಿ ಸರ್ಕಾರದ ಒಂದು ಇಲಾಖೆ. ಅದಕ್ಕೆ ಎಷ್ಟು ಕೊಡಬೇಕು, ಅದು ಏನು ಹೇಳಬೇಕು ಎರಡನ್ನೂ ದೆಹಲಿಯೇ ತೀರ್ಮಾನಿಸುತ್ತಿತ್ತು. ಅಕ್ಕಿ ನಮ್ಮದು, ಅಡುಗೆ ಮಾತ್ರ ಯಜಮಾನರ ಬಾಯಿರುಚಿಗೆ. ಪ್ರಸಾರವನ್ನು ಸ್ವಾಯತ್ತ ಸಂಸ್ಥೆಗೆ ಒಪ್ಪಿಸಿ ಎಂದು ಚಂದಾ ಸಮಿತಿ 1966ರಲ್ಲೇ ಹೇಳಿತ್ತು, ವರ್ಗೀಸ್ ಸಮಿತಿ 1978ರಲ್ಲಿ ಮತ್ತೆ ಹೇಳಿತು. ಎರಡೂ ವರದಿಗಳು ಕಪಾಟು ಸೇರಿದವು.

ಶುಲ್ಕವಿಲ್ಲದೆ ಟಿವಿ ತೋರಿಸಿದ ಪ್ರಯೋಗವೂ ನಮ್ಮಲ್ಲಿ ನಡೆದಿದೆ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಹೋಯಿತು. ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಂಗಳೂರಿನ ಮನೆಗಳಿಗೆ ಟಿವಿ ಬರುವ ಮೊದಲೇ ಹೈದರಾಬಾದ್ ಕರ್ನಾಟಕದ ರೈತ ಊರಿನ ಸೆಟ್ಟಿನ ಮುಂದೆ ಕುಳಿತು ಬೇಸಾಯದ ಪಾಠ ನೋಡಿದ. ವರ್ಷ ಮುಗಿದು ಉಪಗ್ರಹ ಬೇರೆ ಕಡೆಗೆ ಹೋದಾಗ ಕಾರ್ಯಕ್ರಮವೂ ನಿಂತಿತು.

ಲೈಸೆನ್ಸ್ ಪದ್ಧತಿ ಕೊನೆಗೊಂಡದ್ದು ಎಂಬತ್ತರ ದಶಕದ ನಡುವೆ. ಅಗ್ಗದ ಟ್ರಾನ್ಸಿಸ್ಟರು ಹೊಲದ ಬದುವಿಗೂ ದನದ ಕೊಟ್ಟಿಗೆಗೂ ಹೋಗಿತ್ತು. ಅಂಗಿಯ ಜೇಬಿನಲ್ಲಿ ಹಿಡಿಸುವ ವಸ್ತುವಿಗೆ ಪುಸ್ತಕ ಇಡುವುದು ಯಾರಿಂದ ಸಾಧ್ಯ? ಅತ್ತ ಟಿವಿಗೆ 1976ರಿಂದಲೇ ಜಾಹೀರಾತು ಬಂದಿತ್ತು. 1984ರಲ್ಲಿ ‘ಹಮ್ ಲೋಗ್’ ಧಾರಾವಾಹಿಯ ಜೊತೆ ಪ್ರಾಯೋಜಕರೂ ಬಂದರು. ಜನ ಸಂತೋಷಪಟ್ಟರು, ನಮಗೂ ಒಂದು ಲೆಕ್ಕದ ಪುಸ್ತಕ ಕಡಿಮೆಯಾಯಿತು. 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಅಂಗೀಕಾರವಾಗಿ 1997ರಲ್ಲಿ ಜಾರಿಯಾಯಿತು. ಹೆಸರಿಗೆ ಸ್ವಾಯತ್ತ, ಸಂಬಳಕ್ಕೆ ಇಂದಿಗೂ ಕೇಂದ್ರದ ಅನುದಾನ.

ಹೊರದೇಶಗಳಲ್ಲಿ ಈ ಚರ್ಚೆ ಇನ್ನೂ ಬಿಸಿಯಾಗಿದೆ. ಬ್ರಿಟನ್ನಿನಲ್ಲಿ 1946ರಲ್ಲಿ ಎರಡು ಪೌಂಡ್ ಇದ್ದ ಟಿವಿ ಶುಲ್ಕ 2025ರಲ್ಲಿ 174.50 ಪೌಂಡ್ ಮುಟ್ಟಿತು. ಜರ್ಮನಿ 2013ರಿಂದ ಸೆಟ್ಟು ಇರಲಿ ಬಿಡಲಿ, ಮನೆಗಿಷ್ಟು ಎಂದು ಪಡೆಯುತ್ತಿದೆ. ಫ್ರಾನ್ಸ್ 2022ರಲ್ಲಿ ಶುಲ್ಕವನ್ನೇ ರದ್ದುಮಾಡಿ ತೆರಿಗೆಯ ಪಾಲು ಕೊಡತೊಡಗಿತು.

ನಮ್ಮಲ್ಲಿ ಮತ್ತೆ ಶುಲ್ಕ ಬರಬೇಕೇ ಎಂದು ಕೇಳಿದರೆ, ಮೊಹರು ಒತ್ತಿದ ಈ ಕೈ ಎರಡು ಷರತ್ತು ಹಾಕುತ್ತದೆ. ಹಣ ಬೊಕ್ಕಸಕ್ಕೆ ಹೋಗದೆ ನೇರವಾಗಿ ಪ್ರಸಾರ ಸಂಸ್ಥೆಗೆ ಹೋಗಬೇಕು. ಅದನ್ನು ನಡೆಸುವವರ ನೇಮಕದಲ್ಲಿ ಆಳುವ ಪಕ್ಷದ ಕೈ ಇರಬಾರದು. ಇವೆರಡೂ ಇದ್ದರೆ ಕರೆಂಟು ಬಿಲ್ಲಿನ ಜೊತೆ ತಿಂಗಳಿಗೆ ಹತ್ತು ರೂಪಾಯಿ ಕೊಡಲು ನಾನು ಸಿದ್ಧ. ಬಡವರಿಗೆ ಅದನ್ನೂ ಮಾಫಿ ಮಾಡಲಿ. ಇಲ್ಲವಾದರೆ ಅದು ಇನ್ನೊಂದು ತೆರಿಗೆ ಅಷ್ಟೆ. ಅಂಥದನ್ನು ಈ ದೇಶ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಟ್ಟಿ ನೋಡಿದೆ, ಮತ್ತೆ ಕಟ್ಟುವ ಅಗತ್ಯವಿಲ್ಲ.