ಹಾನೆಯಿಂದ ತಂತ್ರಾಂಶದವರೆಗೆ: ಅಳತೆಯನ್ನು ಅಳೆಯುವವರು ಯಾರು?



ನಿಮ್ಮಲ್ಲಿ ಅನೇಕರು ಇಂದು ಕಾರ್ಖಾನೆಗಳಲ್ಲಿಯೂ ಗಣಕ ಸಂಸ್ಥೆಗಳಲ್ಲಿಯೂ ಗುಣಮಟ್ಟ ನಿರ್ವಹಣೆಯ ಹೊಣೆ ಹೊತ್ತಿದ್ದೀರಿ. ಐಎಸ್‌ಒ 9001 ಎಂಬ ಮಾನಕ ನಿಮಗೆ ಚಿರಪರಿಚಿತ. ಅದರ 2000ನೆಯ ಇಸವಿಯ ಆವೃತ್ತಿಯಲ್ಲಿ ಒಂದು ನಿಯಮವಿತ್ತು: ಅಳತೆಗೆ ತಂತ್ರಾಂಶವನ್ನು ಬಳಸುವುದಾದರೆ, ಉದ್ದೇಶಿತ ಕಾರ್ಯಕ್ಕೆ ಅದು ತಕ್ಕುದೆಂಬುದನ್ನು ಮೊದಲ ಬಳಕೆಗೆ ಮುನ್ನವೇ ದೃಢಪಡಿಸಿಕೊಳ್ಳಬೇಕು, ಅಗತ್ಯವಿದ್ದಾಗ ಮತ್ತೆ ದೃಢಪಡಿಸಬೇಕು. ಮಾತು ಹೊಸದಾದರೂ ಅದರ ಹಿಂದಿನ ಚಿಂತೆ ನಮ್ಮ ಸೀಮೆಯಲ್ಲಿ ಬಹಳ ಹಳೆಯದು.

ನಮ್ಮ ಕೋಟದಿಂದ ದೂರವೇನೂ ಅಲ್ಲದ ಬಾರಕೂರು ಆಳುಪರ ರಾಜಧಾನಿಯಾಗಿತ್ತು. ಈ ಭಾಗದ ಶಾಸನಗಳಲ್ಲಿ ದೇವಾಲಯಗಳಿಗೆ ಬಿಟ್ಟ ಅಕ್ಕಿಯ ಲೆಕ್ಕ ಮುಡಿಗಳಲ್ಲಿದೆ. ಕೆಲವೆಡೆ ‘ಇಷ್ಟು ಮುಡಿ’ ಎಂದಷ್ಟೇ ಬರೆದು ಸುಮ್ಮನಾಗಿಲ್ಲ. ಮುಡಿಯೊಂದಕ್ಕೆ ಎಷ್ಟು ಹಾನೆ ಎಂಬುದನ್ನೂ ಸ್ಪಷ್ಟಪಡಿಸಿದ್ದಾರೆ. ಮುಡಿಯ ಗಾತ್ರ ಎಲ್ಲೆಡೆಯೂ ಒಂದೇ ಆಗಿರಲಿಲ್ಲವಾದ್ದರಿಂದ ಈ ಎಚ್ಚರ ಬೇಕಾಗಿತ್ತು.

ನನ್ನ ಬಾಲ್ಯದಲ್ಲಿಯೂ ಗೇಣಿಯ ಮಾತೆಲ್ಲ ಮುಡಿಯಲ್ಲಿಯೇ ನಡೆಯುತ್ತಿತ್ತು. ಅಳೆಯುವ ಪಾತ್ರೆ ಯಾರ ಮನೆಯದು ಎಂಬುದರ ಮೇಲೆ ಒಕ್ಕಲಿನ ವರ್ಷದ ಊಟ ನಿಂತಿರುತ್ತಿತ್ತು. ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಮೇಲೆ ಗೇಣಿಯ ಆ ಲೆಕ್ಕ ಮುಗಿಯಿತು. ಅಷ್ಟರಲ್ಲಿ ಅಂಗಡಿಗಳಿಗೆ ಕಿಲೋಗ್ರಾಂ, ಲೀಟರು ಬಂದಿದ್ದವು. ಸಂಸತ್ತು 1956ರಲ್ಲಿಯೇ ತೂಕ ಮತ್ತು ಅಳತೆಗಳ ಮಾನಕ ಕಾಯಿದೆಯನ್ನು ಅಂಗೀಕರಿಸಿತ್ತು. ಈಗ ಅದರ ಸ್ಥಾನದಲ್ಲಿ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯಿದೆ. ತಕ್ಕಡಿಗೂ ಬಟ್ಟಿಗೂ ಇಲಾಖೆ ಮುದ್ರೆಯೊತ್ತುತ್ತದೆ. ಗಿರಾಕಿ ಅದನ್ನು ಕಣ್ಣಾರೆ ನೋಡಬಹುದು.

ಆದರೆ ಅಳತೆ ಲೆಕ್ಕಾಚಾರದೊಳಗೆ ಅಡಗಿದಾಗ ಏನು ಮಾಡುವುದು? ನಮ್ಮ ಹಳ್ಳಿಗಳ ಹಾಲಿನ ಸಂಘಗಳನ್ನೇ ನೋಡಿ. ಹಿಂದೆ ಕುಡ್ತೆಯಲ್ಲಿ ಅಳೆದು ಕೊಡುತ್ತಿದ್ದ ಹಾಲಿಗೆ ಈಗ ಜಿಡ್ಡು ಮತ್ತು ಜಿಡ್ಡುರಹಿತ ಘನಾಂಶವನ್ನು ನೋಡಿ ಬೆಲೆ ಕಟ್ಟುತ್ತಾರೆ. ಗರ್ಬರ್ ವಿಧಾನದಲ್ಲಿ 10 ಮಿಲಿಲೀಟರ್ ಗಂಧಕಾಮ್ಲ, 10.75 ಮಿಲಿಲೀಟರ್ ಹಾಲು, 1 ಮಿಲಿಲೀಟರ್ ಅಮೈಲ್ ಆಲ್ಕೋಹಾಲ್ ಸೇರಿಸಿ ಯಂತ್ರದಲ್ಲಿ ತಿರುಗಿಸಿದರೆ ಜಿಡ್ಡು ಗಾಜಿನ ನಳಿಗೆಯಲ್ಲಿ ಮೇಲೆದ್ದು ಕಾಣುತ್ತಿತ್ತು. ಈಗ ಅನೇಕ ಕಡೆ ವಿದ್ಯುನ್ಮಾನ ಯಂತ್ರ ಅಳೆಯುತ್ತದೆ, ತಂತ್ರಾಂಶ ಚೀಟಿ ಮುದ್ರಿಸುತ್ತದೆ. ರೈತನಿಗೆ ಕಾಣುವುದು ಅಂಕಿ ಮಾತ್ರ.

ಒಂದು ಲೆಕ್ಕ ಮಾಡೋಣ, ತರಗತಿಯಲ್ಲಿ ಮಾಡುತ್ತಿದ್ದಂತೆಯೇ. ರಿಚ್ಮಂಡ್ ಎಂಬ ರಸಾಯನಶಾಸ್ತ್ರಜ್ಞರ ಹೆಸರಿನ ಸೂತ್ರದಲ್ಲಿ ಲ್ಯಾಕ್ಟೋಮೀಟರಿನ ತಿದ್ದಿದ ಅಂಕಿಯ ಕಾಲುಭಾಗ, ಜಿಡ್ಡಿನ ಐದರಲ್ಲೊಂದು ಭಾಗ, ಒಂದು ಸ್ಥಿರಾಂಕ ಈ ಮೂರನ್ನು ಕೂಡಿಸಿದರೆ ಜಿಡ್ಡುರಹಿತ ಘನಾಂಶ ಸಿಗುತ್ತದೆ. ಅಂಕಿ 29, ಜಿಡ್ಡು 4 ಎಂದಿಟ್ಟುಕೊಳ್ಳಿ: 7.25 ಮತ್ತು 0.80 ಸೇರಿ 8.05. ಮೂಲ ಸೂತ್ರದ ಸ್ಥಿರಾಂಕ 0.14 ಸೇರಿಸಿದರೆ 8.19, ನಮ್ಮ ದೇಶದಲ್ಲಿ ಬಳಸುವ 0.36 ಸೇರಿಸಿದರೆ 8.41. ಹಸುವಿನ ಹಾಲಿಗೆ ಆಹಾರ ಸುರಕ್ಷತಾ ಪ್ರಾಧಿಕಾರ ನಿಗದಿಪಡಿಸಿದ ಕನಿಷ್ಠ ಮಿತಿ 8.3. ಅದೇ ಹಾಲು ಒಂದು ಲೆಕ್ಕದಲ್ಲಿ ಅನುತ್ತೀರ್ಣ, ಇನ್ನೊಂದರಲ್ಲಿ ಉತ್ತೀರ್ಣ! ಎರಡು ಲೆಕ್ಕದಲ್ಲಿಯೂ ಕೂಡಿಕೆ ತಪ್ಪಿಲ್ಲ. ಬಳಸುವ ಲ್ಯಾಕ್ಟೋಮೀಟರು ಎಷ್ಟು ಉಷ್ಣತೆಗೆ ತಯಾರಾದದ್ದೋ ಅದಕ್ಕೊಪ್ಪುವ ಸ್ಥಿರಾಂಕವನ್ನೇ ತಂತ್ರಾಂಶದಲ್ಲಿ ಇರಿಸಬೇಕು. ‘ಉದ್ದೇಶಕ್ಕೆ ತಕ್ಕುದು’ ಎಂಬುದರ ಅರ್ಥ ಇದೇ.

ಇದನ್ನು ಮರೆತರೆ ದೊಡ್ಡವರೂ ಎಡವುತ್ತಾರೆ. 1999ರ ಸೆಪ್ಟೆಂಬರ್ 23ರಂದು ಅಮೆರಿಕದ ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ನಾಶವಾಯಿತು. ಭೂಮಿಯ ಮೇಲಿನ ತಂತ್ರಾಂಶವೊಂದು ನ್ಯೂಟನ್ ಮಾನದ ಬದಲು ಪೌಂಡ್ ಮಾನದಲ್ಲಿ ಉತ್ತರ ಕೊಡುತ್ತಿತ್ತು. ಅಂತರ ಸುಮಾರು 4.45 ಪಟ್ಟು. ಮುಡಿಗೆ ಎಷ್ಟು ಹಾನೆ ಎಂದು ಕೇಳದೆ ಅಕ್ಕಿ ಅಳೆದಂತಾಯಿತು.

ಆದ್ದರಿಂದ ನನ್ನ ಮಾತು ಇಷ್ಟೇ. ಉತ್ತರ ಮೊದಲೇ ತಿಳಿದಿರುವ ಮಾದರಿಯೊಂದನ್ನು ತಂತ್ರಾಂಶಕ್ಕೆ ಕೊಡಿ, ಕೈಲೆಕ್ಕದೊಡನೆ ಹೋಲಿಸಿ, ಮಿತಿಯ ಆಚೀಚೆಯ ಅಂಕಿಗಳನ್ನೂ ಪರೀಕ್ಷಿಸಿ, ಯಾವ ಆವೃತ್ತಿಯನ್ನು ಎಂದು ಪರೀಕ್ಷಿಸಿದಿರೆಂದು ಬರೆದಿಡಿ. ಸೂತ್ರವಾಗಲಿ ಯಂತ್ರವಾಗಲಿ ಬದಲಾದರೆ ಮತ್ತೆ ಪರೀಕ್ಷಿಸಿ. ನೀವು ಮೇಜಿನ ಮೇಲೆ ಒಪ್ಪಿಗೆಯ ಸಹಿ ಹಾಕುವ ಅಂಕಿಯ ಇನ್ನೊಂದು ತುದಿಯಲ್ಲಿ, ಮುಂಜಾನೆ ಕ್ಯಾನು ಹಿಡಿದು ಸರತಿಯಲ್ಲಿ ನಿಂತವರೊಬ್ಬರು ಇರುತ್ತಾರೆ. ಆ ಚೀಟಿಯನ್ನು ಅವರು ನಂಬುವುದು ನಿಮ್ಮ ಸಹಿಯ ಬಲದಿಂದ.