ಆಕ್ರಾಂತ ನಾಡಿನಲ್ಲಿ ವರ್ತಮಾನಪತ್ರಿಕೆ

ನೆಲವನ್ನು ಗೆದ್ದ ಮಾತ್ರಕ್ಕೆ ನೆಲದ ಮೇಲಣ ಜನರ ಮನಸ್ಸನ್ನು ಗೆದ್ದಂತಾಗುವುದಿಲ್ಲ. ಆ ಮನಸ್ಸಿಗೆ ಮುತ್ತಿಗೆ ಹಾಕುವುದಕ್ಕೆ ವರ್ತಮಾನಪತ್ರಿಕೆಯೂ ಒಂದು ಆಯುಧವಾಗಬಲ್ಲುದೆಂಬುದಕ್ಕೆ ಮೊದಲನೆಯ ಮಹಾಯುದ್ಧದ ಕಾಲದ ‘ಗಜೆತ್ ದೆಜಾರ್ದೆನ್’, ಅಂದರೆ ಅರ್ದೆನ್ ಪ್ರಾಂತದ ಗೆಜೆಟ್ಟು, ತಕ್ಕ ನಿದರ್ಶನವಾಗಿದೆ.

1914ನೆಯ ಇಸವಿ ಆಗಸ್ಟಿನಲ್ಲಿ ಜರ್ಮನ್ ಸೇನೆಯು ಬೆಲ್ಜಿಯಮ್ಮನ್ನು ಹಾದು ಫ್ರಾನ್ಸಿನ ಉತ್ತರಭಾಗವನ್ನು ಹೊಕ್ಕಿತು. ಹತ್ತು ಪ್ರಾಂತಗಳು ಪೂರ್ಣವಾಗಿಯೋ ಅಂಶತಃವಾಗಿಯೋ ಅದರ ವಶವಾಗಿ, ಸುಮಾರು 20 ಲಕ್ಷ ಜನರು ತಮ್ಮ ಮನೆಗಳಲ್ಲಿದ್ದುಕೊಂಡೇ ಪರಾಧೀನರಾದರು. ಪ್ಯಾರಿಸಿನೊಡನೆ ಅಂಚೆಯ ಸಂಬಂಧವು ಕಡಿದುಹೋಯಿತು. ಅಲ್ಲಿಯ ಪತ್ರಿಕೆಗಳು ಬಾರದಾದುವು. ಊರಿಂದೂರಿಗೆ ಹೋಗಬೇಕಾದರೆ ರಹದಾರಿ ಬೇಕಾಯಿತು. ಸುದ್ದಿಯನ್ನು ಹೊತ್ತೊಯ್ದಾವೆಂದು ಪಾರಿವಾಳಗಳನ್ನು ಸಾಕುವುದನ್ನೂ ನಿಷೇಧಿಸಿದರು.

ಹೀಗೆ ಸುದ್ದಿಗೆ ಕ್ಷಾಮ ಬಂದಿರಲಾಗಿ, ಜರ್ಮನ್ ಸೇನೆಯ ಮಹಾಶಿಬಿರವಿದ್ದ ಶಾರ್ಲ್‌ವಿಲ್ ಪಟ್ಟಣದಿಂದ 1914ನೆಯ ನವೆಂಬರ್ 1ರಂದು ಈ ಪತ್ರಿಕೆಯು ಹೊರಟಿತು. ಭಾಷೆ ಫ್ರೆಂಚು, ಹೆಸರು ಆ ನಾಡಿನದೇ. ಒಡೆತನ ಮಾತ್ರ ಜರ್ಮನರದು. ಮೊದಲು ವಾರಕ್ಕೊಮ್ಮೆ ಸುಮಾರು 4,000 ಪ್ರತಿಗಳಂತೆ ಅಚ್ಚಾಗುತ್ತಿದ್ದುದು, ಯುದ್ಧದ ಕೊನೆಯ ವೇಳೆಗೆ 1,50,000 ಪ್ರತಿಗಳನ್ನು ಮೀರಿತು.

ಶತ್ರುವಿನ ಪತ್ರಿಕೆಯನ್ನು ಇಷ್ಟು ಜನರು ಕೊಂಡುದೇಕೆ? ಅದರಲ್ಲಿ ಸೆರೆಸಿಕ್ಕ ಫ್ರೆಂಚ್ ಸೈನಿಕರ ಹೆಸರುಗಳ ಪಟ್ಟಿಯು ಸಂಚಿಕೆಯ ಮೇಲೆ ಸಂಚಿಕೆಯಾಗಿ ಪ್ರಕಟವಾಗುತ್ತಿದ್ದಿತು. ರಣರಂಗದ ಆಚೆಯಿದ್ದ ಮಗನಾಗಲಿ ಗಂಡನಾಗಲಿ ಬದುಕಿರುವನೋ ಇಲ್ಲವೋ ಎಂದು ತಿಳಿಯದೆ ಕುದಿಯುತ್ತಿದ್ದ ಹೆಂಗಸಿಗೆ, ಸೆರೆಯಾಳುಗಳ ಪಟ್ಟಿಯಲ್ಲಿ ಅವನ ಹೆಸರು ಕಂಡರೆ ಜೀವ ಬಂದಂತಾಗುತ್ತಿದ್ದಿತು. ಸುಳ್ಳುಗಾರರ ಪತ್ರಿಕೆಯೆಂದು ಹಳಿದವರೂ ಆ ಹೆಸರಿಗಾಗಿ ಅದನ್ನು ಬಿಚ್ಚಿ ನೋಡಿದರು.

ಪಟ್ಟಿಯು ನಿಜವಾದುದು, ಅದರ ಬಲವೂ ಅಲ್ಲಿಯೇ ಇದ್ದಿತು. ಹೆಸರನ್ನು ಹುಡುಕುವ ಕಣ್ಣು ಪಕ್ಕದ ಲೇಖನದ ಮೇಲೂ ಹಾಯುವುದಷ್ಟೆ! ಆ ಲೇಖನಗಳಲ್ಲಿ ಫ್ರಾನ್ಸಿನ ನಿಜವಾದ ವೈರಿ ಇಂಗ್ಲೆಂಡೇ ಎಂಬ ಬೋಧೆಯಿರುತ್ತಿದ್ದಿತು. ಫ್ರೆಂಚ್ ಪತ್ರಿಕೆಗಳು ತಮ್ಮ ಸರಕಾರವನ್ನು ಟೀಕಿಸಿ ಬರೆದುದನ್ನು ಆರಿಸಿ ಉದ್ಧರಿಸುತ್ತಿದ್ದರು. ಮಿತ್ರಸೇನೆಗಳ ಗುಂಡಿಗೆ ಆಹುತಿಯಾದ ಊರವರ ಹೆಸರುಗಳನ್ನೂ ಅಚ್ಚುಮಾಡುತ್ತಿದ್ದರು. ಆ ಸಾವುಗಳೂ ನಿಜವೇ. ಆದರೆ ಯುದ್ಧವನ್ನು ಆ ನೆಲಕ್ಕೆ ತಂದವರಾರೆಂಬುದನ್ನು ಮರೆಯಿಸುವುದಕ್ಕಾಗಿ ಅವನ್ನು ಬಳಸಿಕೊಂಡರು.

ಇದಕ್ಕೆ ಪ್ರತೀಕಾರವೂ ನಡೆಯದೆ ಇರಲಿಲ್ಲ. ಲಿಲ್ ಮತ್ತು ರೂಬೆ ಪಟ್ಟಣಗಳಲ್ಲಿ ಪಾದ್ರಿ ಪ್ಯಾಂತ್, ಔಷಧಶಾಸ್ತ್ರಜ್ಞ ಜೋಸೆಫ್ ವಿಲೊ, ಕಾರಖಾನೆಯ ಒಡೆಯ ಫಿರ್ಮಿನ್ ದ್ಯುಬಾರ್ ಎಂಬವರು ಬಚ್ಚಿಟ್ಟ ನಿಸ್ತಂತು ಯಂತ್ರದಿಂದ ಐಫೆಲ್ ಗೋಪುರದ ವಾರ್ತೆಯನ್ನು ಕೇಳಿ, ಗುಪ್ತಪತ್ರಿಕೆಯೊಂದನ್ನು ಹೊರಡಿಸಿದರು. ಅದರ ಹೆಸರನ್ನು ಆಗಾಗ ಬದಲಾಯಿಸುತ್ತಿದ್ದರು. ಅದು ಕೈಯಿಂದ ಕೈಗೆ ಸಾಗಿತು. 1916ರ ಕೊನೆಗೆ ಜರ್ಮನರು ಅವರನ್ನು ಹಿಡಿದರು. ಸೆರೆಯಲ್ಲಿ ಜರ್ಜರಿತನಾದ ವಿಲೊ 1919ರಲ್ಲಿ ಗತಿಸಿದನು. ಇಂಗ್ಲಿಷರು 1917ರಿಂದ ‘ಕೂರಿಯೆ ದ ಲೇರ್’ ಎಂಬ ಫ್ರೆಂಚ್ ಪತ್ರಿಕೆಯನ್ನು ಆಕಾಶಮಾರ್ಗವಾಗಿ ಆ ಪ್ರದೇಶದ ಮೇಲೆ ಇಳಿಬಿಟ್ಟರು.

ಗೆಜೆಟ್ಟನ್ನು ಕೊಂಡ ತಾಯಿಯನ್ನು ದೇಶದ್ರೋಹಿಯೆನ್ನುವುದು ನ್ಯಾಯವಾಗದು. ಕ್ಷಾಮದಲ್ಲಿ ಹಸಿದವರು ಧಾನ್ಯವು ಯಾರ ಕಣಜದ್ದೆಂದು ಕೇಳುವರೇ? ದೋಷವು ಉಳಿದ ಕಣಜಗಳನ್ನೆಲ್ಲ ಮುಚ್ಚಿದವರದು. ಒಂದೇ ಪತ್ರಿಕೆಯನ್ನುಳಿದು ಮಿಕ್ಕೆಲ್ಲವೂ ನಿಂತುಹೋದ ನಾಡಿನಲ್ಲಿ, ಅದರೊಳಗಿನ ನಿಜವನ್ನು ಕೂಡ ವಾಚಕರು ಎಚ್ಚರಿಕೆಯಿಂದ ಓದಬೇಕಾಗುತ್ತದೆ.