ಕೂಲಿ ಲೆಕ್ಕ ಎರಡು ಕಡೆ

ಅಕ್ಕದೀರೆ, ಹೋದ ವರ್ಷ ಬ್ಯಾರನ್ನಿಗೆ ಹೊಗೆಸೊಪ್ಪು ತುಂಬೋ ದಿನ ನನ್ನ ಫೋನು ನೀರಿನ ತೊಟ್ಟಿಗೆ ಬಿತ್ತು. ಹೋದ್ರೆ ಹೋಗ್ಲಿ ಅನ್ನೋ ಹಂಗಿರ್ಲಿಲ್ಲ. ಸೊಪ್ಪು ಕಟ್ಟೋಕೆ ಬಂದೋರ ಕೂಲಿ ಲೆಕ್ಕ, ಅತ್ತೆ ಮಾತ್ರೆ ತರೋ ದಿನ, ಸಂಘದ ಕಂತು ಎಲ್ಲ ಅದ್ರೊಳಗೇ ಇತ್ತು. ಕೂಲಿ ಕೊಡೋವಾಗ ಒಬ್ಬಳು "ನಂದು ಆರು ದಿನ ಕಣಕ್ಕ" ಅಂದ್ಲು. ನನ್ನ ನೆನಪಲ್ಲಿ ಏಳು. ಏಳಕ್ಕೇ ಕೊಟ್ಟೆ. ಅವಳದೇನೋ ಸರಿಹೋಯ್ತು, ನಾನೂ ಮರೆತು ಅವರೂ ಮರೆತಿದ್ದು ಇನ್ನೆಷ್ಟಿತ್ತೋ!

ನಮ್ಮತ್ತೆ ಕಾಲದಲ್ಲಿ ಈ ತಾಪತ್ರಯ ಇರ್ಲಿಲ್ಲ. ಒಂಟಿಕೊಪ್ಪಲ್ ಪಂಚಾಂಗ ಒಂದು, ಗೋಡೆ ಕ್ಯಾಲೆಂಡರ್ ಒಂದು. ಹಾಲಿನ ಗುರುತು, ಹಸು ಈಯೋ ದಿನ, ಆಳುಗಳ ಲೆಕ್ಕ ಎಲ್ಲ ಅದ್ರ ಮೇಲೇ. ಅದು ತೊಟ್ಟಿಗೆ ಬೀಳಲ್ಲ, ಆದ್ರೆ ಹೊಲಕ್ಕೂ ಬರಲ್ಲ.

ಅಂಥದ್ದನ್ನ ಜೇಬಿಗೆ ಇಳಿಸಿ ಗೆದ್ದೋರು ಅಮೆರಿಕದ ಪಾಮ್ ಕಂಪನಿಯೋರು, 1996ರಲ್ಲಿ. ಅದ್ರ ಹೆಸರು ಪೈಲಟ್. ಮಾಡೋಕೆ ಮುಂಚೆ ಜೆಫ್ ಹಾಕಿನ್ಸ್ ಅನ್ನೋರು ಅದೇ ಅಳತೆಯ ಮರದ ತುಂಡೊಂದನ್ನ ಜೇಬಲ್ಲಿಟ್ಕೊಂಡು ಓಡಾಡಿ, ಅದ್ರ ಮೇಲೆ ಬರೆದಂಗೆ ಮಾಡೋರಂತೆ. ನಮ್ಮನೇಲಿ ಯಾರಾದ್ರೂ ಹಂಗೆ ಮಾಡಿದ್ರೆ ದೆವ್ವ ಮೆಟ್ಕೊಂಡಿದೆ ಅಂತಿದ್ವಿ! ಆದ್ರೆ ಅವರ ಬುದ್ಧಿ ನೋಡಿ. ಇದು ಕಂಪ್ಯೂಟರಿಗೆ ಬದಲಿ ಅಲ್ಲ, ಅದರ ಜೊತೆಗಾರ. ಸ್ಟ್ಯಾಂಡಲ್ಲಿಟ್ಟು ಒಂದು ಗುಂಡಿ ಒತ್ತಿದ್ರೆ ಎರಡೂ ಕಡೆ ಒಂದೇ ಪಟ್ಟಿ.

ಕನ್ನಡಕ್ಕೆ ಕೈ ಹಾಕಿದ್ದು ನಮ್ಮ ಬೆಂಗಳೂರಿನೋರು. ಟಾಟಾ ಇನ್‌ಸ್ಟಿಟ್ಯೂಟಿನ ಮೇಷ್ಟ್ರುಗಳಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್, ಜೊತೆಗೆ ಎನ್ಕೋರ್ ಕಂಪನಿಯೋರು ಸೇರಿ ಸಿಂಪ್ಯೂಟರ್ ಅಂತ ಮಾಡಿ 2001ರಲ್ಲಿ ತೋರಿಸಿದ್ರು. ಓದೋಕೆ ಬಾರದೋರಿಗೂ ಆಗ್ಲಿ ಅಂತ ಅದು ಕನ್ನಡದಲ್ಲಿ ಓದಿ ಹೇಳೋದು. ನಂಗೆ ಬಲು ಹಿಡಿಸಿದ್ದು ಅದರ ಕಾರ್ಡು. ಊರಿಗೊಂದು ಸಿಂಪ್ಯೂಟರ್ ಇದ್ರೂ ಸಾಕು, ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡು. ಅದು ನಮ್ಮೂರಿಗೆ ಬಂದಿದ್ರೆ ಸೊಪ್ಪು ಕಟ್ಟೋ ಹೆಂಗಸರ ಲೆಕ್ಕ ಅವರವರ ಸೆರಗಿನ ಗಂಟಲ್ಲೇ ಇರೋದು, ನನ್ನ ತೊಟ್ಟಿಯೊಳಗಲ್ಲ. 2004ರಲ್ಲಿ ಬಿಇಎಲ್‌ನೋರು ಅಮಿಡಾ ಅನ್ನೋ ಹೆಸರಲ್ಲಿ ತಯಾರಿಸಿದ್ರು. ಬೆಲೆ ಹತ್ತು ಸಾವಿರದ ಆಸುಪಾಸಿಂದ ಶುರು. ಮಾರಾಟ ಕೆಲವೇ ಸಾವಿರಕ್ಕೆ ನಿಂತೋಯ್ತು. ಅಷ್ಟೊತ್ತಿಗೆ ಎಲ್ಲರ ಕೈಗೂ ಅಗ್ಗದ ಮೊಬೈಲು ಬರ್ತಿತ್ತು.

ಆ ಮೊಬೈಲಲ್ಲಿ ಕನ್ನಡ ಎಲ್ಲಿತ್ತು? ಮಗ ಕನ್ನಡದಲ್ಲಿ ಮೆಸೇಜ್ ಕಳ್ಸಿದ್ರೆ ಬರೀ ಚೌಕಚೌಕ. 2012ರಲ್ಲಿ ಆಂಡ್ರಾಯ್ಡ್ 4.1 ಬಂದ್ಮೇಲೆ ಅದರಲ್ಲಿ ಕನ್ನಡ ನೆಟ್ಟಗೆ ಕಾಣೋಕೆ ಶುರುವಾಯ್ತು.

ಈ ಸಲ ಹುಣಸೂರಲ್ಲಿ ಫೋನು ತಗೊಳ್ಳೋಕೆ ಹೋದಾಗ ಮಗಳ ಹಳೇ ಲ್ಯಾಪ್‌ಟಾಪನ್ನೂ ಚೀಲದಲ್ಲಿ ಹಾಕ್ಕೊಂಡೇ ಹೋದೆ. ಅಂಗಡಿ ಹುಡುಗ ಕ್ಯಾಮೆರಾ ಕ್ಯಾಮೆರಾ ಅಂತಿದ್ದ. ನಾನು ಗೂಗಲ್ ಕೀಪ್ ತೆಗೆಸಿ, ಡೇಟಾ ಆಫ್ ಮಾಡಿ, ಒತ್ತಕ್ಷರ ಇರೋ ಹೆಸರಾಗೇ ಹುಡುಕಿ ನಾಲ್ಕು ಟೈಪಿಸಿದೆ. ಎಚ್.ಡಿ.ಕೋಟೆ ಕಾಡಂಚಿನ ನನ್ನ ತವರಲ್ಲಿ ಸಿಗ್ನಲ್ ಸಿಗಲ್ಲ, ಅಲ್ಲೂ ಬರ್ಕೊಳ್ಳೋ ಹಂಗಿರ್ಬೇಕಲ್ಲ. ಆಮೇಲೆ ಡೇಟಾ ಆನ್ ಮಾಡಿದ್ರೆ ಲ್ಯಾಪ್‌ಟಾಪಲ್ಲೂ ಅದೇ ನಾಲ್ಕು ಹೆಸರು ಬಂದ್ವು. ದುಬಾರಿ ಫೋನ್ ಬೇಕಾಗಿರ್ಲಿಲ್ಲ, ಎರಡೂ ಕಡೆ ಒಂದೇ ಅಕೌಂಟ್ ಇದ್ರೆ ಸಾಕಿತ್ತು. ಅದರ ಪಾಸ್‌ವರ್ಡ್ ಮಾತ್ರ ಮಗಳ ಹತ್ರಾನೂ ಬರೆಸಿಟ್ಟಿದ್ದೀನಿ.

ಒಂದು ಹುಷಾರು ಹೇಳ್ತೀನಿ. ಫೋನಲ್ಲಿ ಅಳಿಸಿದ್ರೆ ಲ್ಯಾಪ್‌ಟಾಪಲ್ಲೂ ಅಳಿಸೋಗುತ್ತೆ. ಮೊಮ್ಮಗ ಒಂದ್ಸಲ ಒತ್ತಿ ತೋರಿಸಿದ. ಅದಕ್ಕೇ ಈಗ್ಲೂ ಶನಿವಾರ ಕೂಲಿ ಲೆಕ್ಕ ಕ್ಯಾಲೆಂಡರ್ ಮೇಲೂ ಇಳಿಸ್ತೀನಿ. ಜಗಲಿ ಮೇಲೆ ಕೂತ್ಕೊಂಡು ಎಲ್ಲರ ದಿನಾನೂ ಜೋರಾಗಿ ಓದ್ತೀನಿ, ಅವರು ಹೂಂ ಅಂದ್ಮೇಲೇ ದುಡ್ಡು ಎಣಿಸೋದು.